ಬಾಗಿಲಲ್ಲಿ ಮೂಸಿ ನೋಡುತ್ತಿದ್ದವರು

ಚಿಂತಾಮಣಿಯಲ್ಲಿ ರೂಮು ಹುಡುಕುತ್ತಾ ನಾನು ತಟ್ಟಿದ ಬಾಗಿಲುಗಳಲ್ಲಿ ಹೆಚ್ಚಿನವರು ಕೇಳಿದ್ದು ನನ್ನ ಮನೆದೇವರು ಯಾವುದೆಂದು. ಹೆಂಗಸರೊಬ್ಬರು ಮಾತ್ರ ಏನೂ ಕೇಳದೆ ನನ್ನನ್ನು ಹೊಸಿಲಾಚೆ ನಿಲ್ಲಿಸಿ, ಹಲಸಿನ ಹಣ್ಣು ಮಾಗಿದೆಯೋ ಇಲ್ಲವೋ ನೋಡುವವರ ಹಾಗೆ ಭುಜದ ಹತ್ತಿರ ಮೂಗು ತಂದು ಮೂಸಿ ನೋಡಿದರು. ರೂಮು ಕೊಟ್ಟವರೂ ಅವರೇ. ಅವರು ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತಿದ್ದೇನೆ. ಹಾಗೆ ಬರೆಯುವ ಯೋಗ್ಯತೆ ನನಗೆ ಎಷ್ಟಿದೆಯೆಂದು ಓದಿದ ಮೇಲೆ ನೀವೇ ಹೇಳಬೇಕು.

ನಮ್ಮ ತಾಲೂಕುಗಳೆಲ್ಲ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲ ಅದು. ನಮ್ಮೂರು ಗೌರಿಬಿದನೂರು ತಾಲೂಕಿನ ತೊಂಡೇಬಾವಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನನಗೆ ಬೇಕಾಗಿದ್ದ ಬಿ.ಎಸ್ಸಿ. ಸೀಟು ಸಿಕ್ಕಿದ್ದು ಚಿಂತಾಮಣಿಯಲ್ಲಿ. ಹಾಸ್ಟೆಲಿನಲ್ಲಿ ಜಾಗ ತುಂಬಿತ್ತು. ದಿನಾ ಹೋಗಿ ಬರೋಣವೆಂದರೆ ಬಸ್ಸು ಬದಲಿಸಿ ಬದಲಿಸಿ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತಿತ್ತು. ಹಾಗಾಗಿ ಮೂರು ವಾರ ದೂರದ ಪರಿಚಯದವರೊಬ್ಬರ ಅಂಗಡಿಯ ಹಿಂದೆ ಮಲಗಿಕೊಂಡು, ಕ್ಲಾಸು ಮುಗಿದ ಮೇಲೆ ಬೀದಿ ಬೀದಿ ಸುತ್ತಿದೆ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡಲ್ಲೆಲ್ಲ ಕದ ತಟ್ಟಿದೆ. ಯಾರೂ ಒರಟಾಗಿ ಮಾತಾಡಲಿಲ್ಲ. ಕುಡಿಯಲು ನೀರು ಬೇಕಾ ಎಂದರು, ಯಾವ ಕಾಲೇಜು ಎಂದರು. ಆಮೇಲೆ ಮನೆದೇವರ ವಿಚಾರಕ್ಕೆ ಬಂದರು. ನಮ್ಮದು ಬೌದ್ಧರ ಮನೆ. ಅಪ್ಪ ಎಳೆಯ ವಯಸ್ಸಿನಲ್ಲೇ ಬುದ್ಧನ ಫೋಟೋ ತಂದು ಗೋಡೆಗೆ ಹಾಕಿದವರು, ಸುಳ್ಳು ಹೇಳಬಾರದೆಂದು ಕಲಿಸಿದವರು. ನಾನು ಬುದ್ಧ ಎನ್ನುತ್ತಿದ್ದೆ. ಆ ರೂಮು ನಿನ್ನೆಯಷ್ಟೇ ಬೇರೆ ಯಾರಿಗೋ ಮಾತಾಗಿರುತ್ತಿತ್ತು. ಬೋರ್ಡು ಮಾತ್ರ ಮರುವಾರವೂ ಅಲ್ಲೇ ಇರುತ್ತಿತ್ತು.

ಊರ ಅಂಚಿನಲ್ಲಿದ್ದ ಇವರ ಮನೆಗೆ ಹೋದಾಗ ನನಗೆ ಸಾಕಾಗಿಹೋಗಿತ್ತು. ಇಲ್ಲೂ ಇಲ್ಲವೆಂದರೆ ಸೀಟು ಬಿಟ್ಟು ಊರಿಗೆ ಹೋಗುವುದೆಂದು ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡೇ ಹೋಗಿದ್ದೆ. ಅವರಿಗೆ ಆಗ ಐವತ್ತರ ಹತ್ತಿರ. ಎತ್ತರದ ಆಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಎರಡು ಕೈಯ ಬೆರಳ ತುದಿಗಳಲ್ಲೂ ಸೊಪ್ಪಿನ ಕಲೆ. ಮೂಸಿ ನೋಡಿದ್ದಾದ ಮೇಲೆ ಪರೀಕ್ಷೆ ಶುರುವಾಯಿತು.

"ಮೈಗೆ ಪೌಡ್ರು ಹಾಕ್ತೀಯೇನಪ್ಪ?"

ಇಲ್ಲವೆಂದೆ. ಸೆಂಟು, ಬೀಡಿ, ನಶ್ಯ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲವೆಂದೆ.

"ಸೊಳ್ಳೆಬತ್ತಿ ಹಚ್ಚಂಗಿಲ್ಲ. ಕಚ್ಚಿದ್ರೆ ಕೆರ್ಕೊಬೇಕು. ಒಪ್ಪಿಗೆನಾ?"

ಒಪ್ಪಿಗೆ ಎಂದೆ. ಆದರೂ ಒಳಗೆ ಸೇರಿಕೊಂಡ ಮೇಲೆ ಹೊರಗೆ ಹಾಕಿಸಿಕೊಳ್ಳುವುದು ಬೇಡವೆಂದು, ನಾನಾಗಿಯೇ, ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇಡುತ್ತೇವೆ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಅರ್ಥವಾಗದಷ್ಟು ಅಮಾಯಕರೇನಲ್ಲ. ಆಮೇಲೆ ಕೇಳಿದ್ದು ಇಷ್ಟೆ.

"ಊದುಬತ್ತಿ ಹಚ್ತೀಯ?"

ಮೇಣದಬತ್ತಿ ಎಂದೆ. ಅದೂ ಬೇಡ, ಫೋಟೋ ಬೇಕಾದರೆ ಇಟ್ಟುಕೋ ಎಂದು ಬೀಗದಕೈ ತರಲು ಒಳಗೆ ಹೋದರು. ಬಾಗಿಲಲ್ಲಿ ನಿಂತ ನನಗೆ ಅಳು ಬಂತು. ಹದಿನೆಂಟರ ಹುಡುಗನಿಗೆ ಆ ವಯಸ್ಸಿನಲ್ಲಿ ಅಳು ಬಂದರೆ ಎಷ್ಟು ನಾಚಿಕೆಯಾಗುತ್ತದೆಂದು ಗೊತ್ತಲ್ಲ, ಬ್ಯಾಗಿನಲ್ಲಿ ಏನನ್ನೋ ಹುಡುಕುವವನಂತೆ ಬಗ್ಗಿ ನಿಂತೆ.

ಅವರ ಮನೆ ಉದ್ದಕ್ಕೆ ಮೂರು ಭಾಗ. ಮುಂದೆ ಅವರಿರುವುದು, ಮಧ್ಯೆ ಹುಳುವಿನ ಮನೆ, ಕೊನೆಗೆ ನನ್ನ ರೂಮು. ಯಜಮಾನರು ಲಾರಿ ಡ್ರೈವರು, ಟೊಮ್ಯಾಟೊ ತುಂಬಿಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಇವರು ಒಬ್ಬರೇ ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆ ಹುಳ ಮೇಯಿಸುತ್ತಿದ್ದರು. ವಾಸನೆ, ಹೊಗೆ ಹುಳಕ್ಕೆ ಆಗದು, ಬಾಗಿಲಲ್ಲಿ ಮೂಸಿ ನೋಡಿದ್ದು ಅದಕ್ಕೇ. ನನ್ನ ಬಾಡಿಗೆ ಕಡಿಮೆ. ಅದರ ಬದಲಿಗೆ ಬೆಳಗ್ಗೆ ಏಳೂವರೆಯ ಕೆಂಚಾರ್ಲಹಳ್ಳಿ ಬಸ್ಸಿನ ಮೇಲಿಂದ ಹಿಪ್ಪುನೇರಳೆ ಸೊಪ್ಪಿನ ಕಟ್ಟುಗಳನ್ನು ಇಳಿಸಿಕೊಡಬೇಕಾಗಿತ್ತು. ಕೆಂಚಾರ್ಲಹಳ್ಳಿ ಅವರ ತವರು. ಅಲ್ಲಿ ಅವರ ತಮ್ಮನ ತೋಟವಿತ್ತು. ಆ ತಮ್ಮ ನಸುಕಿನಲ್ಲೇ ಸೊಪ್ಪು ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕುತ್ತಿದ್ದರು. ಕಟ್ಟಿನೊಳಗೆ ಒಮ್ಮೊಮ್ಮೆ ಅಕ್ಕನಿಗೆಂದು ನಾಲ್ಕು ಸೀಬೆಕಾಯಿಯೋ ಒಂದು ಹಿಡಿ ಅವರೆಕಾಯಿಯೋ ಇರುತ್ತಿತ್ತು. ಗೋಣಿ ಬಿಚ್ಚುವಾಗ ಇವರು ಸೊಪ್ಪಿಗಿಂತ ಮೊದಲು ಅದನ್ನು ಹುಡುಕುತ್ತಿದ್ದರು. ಸಿಕ್ಕದಿದ್ದರೆ ತಮ್ಮನಿಗೆ ಕೆಲಸ ಜಾಸ್ತಿಯಾಗಿದೆ ಎಂದು ಅವರೇ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಮ್ಮ ಜೊತೆ ಕನ್ನಡ ಆಡುತ್ತಿದ್ದವರು ಹುಳಗಳ ಜೊತೆ ಮಾತ್ರ ತೆಲುಗು ಆಡುತ್ತಿದ್ದರು. ಸೊಪ್ಪು ಹರಡುತ್ತಾ "ತಿನಂಡಮ್ಮಾ, ತಿನಂಡಿ" ಎಂದು ಪಂಕ್ತಿಯಲ್ಲಿ ಬಡಿಸುವವರಂತೆ ಹೇಳಿಕೊಂಡು ಹೋಗುವರು. ಯಾಕೆಂದು ಕೇಳಿದರೆ ಅವರಮ್ಮ ಹಾಗೇ ಮಾತಾಡಿಸುತ್ತಿದ್ದರಂತೆ. ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಜ್ವರದ ದಿನಗಳಲ್ಲಿ ಮನೆಯಲ್ಲಿ ರೇಡಿಯೋ ಇಲ್ಲ, ಜೋರು ಮಾತಿಲ್ಲ. ಯಜಮಾನರು ಊರಿಗೆ ಬಂದಿದ್ದರೆ ಅವರ ಗೊರಕೆಗೂ ಬೈಗುಳ ಬೀಳುತ್ತಿತ್ತು. ಸ್ವಂತ ನಾದಿನಿ ಮದುವೆ ಮನೆಯಿಂದ ನೇರವಾಗಿ ಬಂದವರು ಸೆಂಟು ಹಾಕಿದ್ದಕ್ಕೆ ಅಂಗಳದಲ್ಲೇ ಕಾಫಿ ಕುಡಿದು ಹೋಗಬೇಕಾಯಿತು. ಅಡುಗೆಮನೆಯೊಳಗೆ ಮಾತ್ರ ಅವರು ನನ್ನನ್ನು ಎಂದೂ ಕರೆಯಲಿಲ್ಲ. ಅದು ಹುಳದ ಸಲುವಾಗಿಯೋ ಬೇರೆಯದರ ಸಲುವಾಗಿಯೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಊಟ ಮಾತ್ರ ಹಸಿದಾಗಲೆಲ್ಲ ಸಿಕ್ಕಿದೆ, ಅದೂ ಅವರು ಉಣ್ಣುವ ತಟ್ಟೆಯಲ್ಲೇ.

ಪರೀಕ್ಷೆ ಹತ್ತಿರ ಬಂತೆಂದು ನಾನು ಒಂದೇ ಸಮನೆ ಪುಸ್ತಕ ಹಿಡಿದು ಕೂತರೆ ಅವರಿಗೆ ಆಗುತ್ತಿರಲಿಲ್ಲ. "ಓದೋದೂ ಸೊಪ್ಪು ಹಾಕ್ದಂಗೇ ಕಣಪ್ಪ. ಹೊತ್ತೊತ್ತಿಗೆ ಸ್ವಲ್ಪ ಸ್ವಲ್ಪ ಹಾಕ್ಬೇಕು. ಒಂದೇ ಸಲ ಸುರಿದ್ರೆ ಮುಕ್ಕಾಲು ಬಾಡೋಯ್ತದೆ" ಎನ್ನುವರು. ನಾನು ಈಗಲೂ ಹಾಗೇ ಓದುತ್ತೇನೆ. ದೊಡ್ಡ ಹುಳ ಸೊಪ್ಪು ತಿನ್ನುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು, ಪಕ್ಕದ ಕೋಣೆಯಲ್ಲಿ ಬಹಳ ಜನ ಕೂತು ಹಾಳೆ ತಿರುವಿದ ಹಾಗೆ. ಆ ಸದ್ದಿದ್ದರೆ ಊರಿನ ನೆನಪಾಗುತ್ತಿರಲಿಲ್ಲ.

ಇನ್ನು ಆ ದಿನದ ವಿಷಯ. ನಾನು ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಅಮ್ಮ ಊರಿಂದ ಬಂದು ನನ್ನ ರೂಮು ನೋಡಿ, ಒಂದು ಡಬ್ಬಿ ಕಡಲೆಬೀಜದ ಉಂಡೆ ಇಟ್ಟು ಹೋಗಿದ್ದಳು. ಮೂರನೇ ದಿನಕ್ಕೆ ಇರುವೆ ಸಾಲುಗಟ್ಟಿತು. ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ಇರುವೆ ಚಾಕ್‌ಪೀಸ್ ಮಾರುತ್ತಿದ್ದರು. ಗೆರೆ ಎಳೆದರೆ ಇರುವೆ ದಾಟುವುದಿಲ್ಲ ಎಂದು ಹೇಳಿ ಕೊಟ್ಟರು. ಮಾರನೆಯ ಬೆಳಗ್ಗೆ ಡಬ್ಬಿಯ ಸುತ್ತ, ಚಾಪೆಯ ಸುತ್ತ, ಬಾಗಿಲ ಸಂದಿಗೆ ಗೆರೆ ಎಳೆದೆ. ಚಾಕ್‌ಪೀಸ್ ಮುರಿದು ಕೈಯೆಲ್ಲ ಪುಡಿಯಾಯಿತು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿದೆ. ಸೊಪ್ಪು ಇಳಿಸಿ ತಂದೆ. ಅವರಿಗೆ ಅಂದು ಭುಜದ ನೋವು. ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿದ್ದ ದೊಡ್ಡ ಹುಳ, ಹಸಿವು ತಡೆಯುವುದಿಲ್ಲ. ಇವತ್ತೊಂದು ದಿನ ನೀನೇ ಬುಟ್ಟಿಗೆ ಬಿಡಿಸಿ ಹಾಕಪ್ಪ, ಕೈ ತೊಳ್ಕೊಂಡಿದೀಯಲ್ಲ ಎಂದರು. ಹೂಂ ಎಂದೆ. ಬಸ್ಸು ತಡವಾಗಿ ಬಂದಿತ್ತು, ಕ್ಲಾಸಿಗೆ ಹೊತ್ತಾಗುತ್ತಿತ್ತು, ಹೂಂ ಎನ್ನುವುದು ಸುಲಭವಾಗಿತ್ತು. ಒಂದೊಂದು ಎಲೆಯೂ ನನ್ನ ಕೈಮೇಲೆ ಹೋಯಿತು.

ಮಧ್ಯಾಹ್ನ ಬಂದಾಗ ಹುಳುವಿನ ಮನೆಯಲ್ಲಿ ಸದ್ದಿರಲಿಲ್ಲ. ಹುಳ ಸಾಕುವ ಬಿದಿರಿನ ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಆಡಿಸುತ್ತಾ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಕುಗ್ಗಿ ಗಿಡ್ಡವಾಗಿದ್ದವು. ಅವರು ನೆಲದ ಮೇಲೆ ಕೂತು ಒಂದು ಹುಳವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಗೂಡು ಕಟ್ಟಲು ಇನ್ನು ಐದು ದಿನವಿತ್ತು. "ಸೊಪ್ಪಲ್ಲಿ ವಿಷ" ಎಂದರು, ಅಷ್ಟೇ. ತಮ್ಮನಿಗೆ ಬಸ್ಸಿನವರ ಕೈಲಿ ಹೇಳಿಕಳಿಸಿದರು.

ನನಗೆ ಬೆಳಗ್ಗೆ ಕೈಗೆ ಮೆತ್ತಿದ್ದ ಚಾಕ್‌ಪೀಸ್ ಪುಡಿ ನೆನಪಾಯಿತು. ನಾನಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಾಗಿತ್ತು. ಕೊನೆಯ ತಟ್ಟೆಯ ಮೂಲೆಯಲ್ಲಿ ಇನ್ನೂ ಚೆನ್ನಾಗಿದ್ದ ಒಂದು ಹುಳ ಎತ್ತಿಕೊಂಡು ರೂಮಿಗೆ ಹೋಗಿ, ಡಬ್ಬಿಯ ಪಕ್ಕ ನಾನೆಳೆದ ಗೆರೆಯ ಮೇಲೆ ಬಿಟ್ಟೆ. ಅದು ಗೆರೆ ದಾಟಿತು. ನನಗೆ ಉಸಿರು ಬಂತು. ಆಮೇಲೆ ನಿಂತಿತು, ತಲೆ ಆಡಿಸತೊಡಗಿತು, ಹಸಿರು ಕಾರಿತು. ಅದನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಎಸೆದೆ. ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆ ಬಟ್ಟೆಯನ್ನೂ, ಉಳಿದ ಚಾಕ್‌ಪೀಸನ್ನೂ ಎಸೆದು ಬಂದೆ. ಹುಳುವಿನ ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ಅವರು ನೀರಿನ ಬಟ್ಟಲು ಇಟ್ಟಿರುತ್ತಿದ್ದರು. ನಾನೂ ದಿನಾ ಅದನ್ನು ನೋಡುತ್ತಿದ್ದೆ. ಕೇಳಿದ್ದರೆ ನನಗೂ ಒಂದು ಬಟ್ಟಲು ಕೊಡುತ್ತಿದ್ದರು.

ಸಂಜೆ ತಮ್ಮ ಬಂದರು. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ತೋಟದಿಂದ ಹಾಗೇ ಬಂದಿದ್ದರು, ಕಾಲಲ್ಲಿ ಕೆಸರು. ನಾನು ಕಸಬರಿಕೆ ಹಿಡಿದು ಸತ್ತ ಹುಳಗಳನ್ನು ಬುಟ್ಟಿಗೆ ತುಂಬುತ್ತಿದ್ದೆ.

"ತೋಟದ ಪಕ್ಕ ಟೊಮ್ಯಾಟೊಗೆ ಔಷಧಿ ಹೊಡೆದ್ಯಾ?" ಎಂದು ಅಕ್ಕ ಕೇಳಿದರು.

ತಟ್ಟೆಗಳನ್ನು ನೋಡಿದರು ತಮ್ಮ, ಅಕ್ಕನನ್ನು ನೋಡಿದರು, ತಲೆ ತಗ್ಗಿಸಿದರು. ಹೊಡೆದು ನಾಲ್ಕು ದಿನವಾಯಿತು, ಗಾಳಿ ಆ ಕಡೆಗಿತ್ತು ಅಂತ ನೋಡಿಕೊಂಡೇ ಹೊಡೆದೆ ಎಂದು ಮೆಲ್ಲಗೆ ಹೇಳಿದರು. ಬೇಡ ಬೇಡವೆಂದು ಎಷ್ಟು ಸಲ ಹೇಳಿದ್ದೆ ಎಂದು ಅಕ್ಕ ಕೇಳಿದರು.

"ಇನ್ಮೇಲೆ ನಿನ್ ಸೊಪ್ಪೂ ಬೇಡ, ನೀನೂ ಬೇಡ. ಹೋಗು."

ಒಂದು ಮಾತು ಸಾಕಾಗಿತ್ತು. ಆ ಮಾತು ನನ್ನ ಬಾಯಿಯವರೆಗೆ ಬಂದಿತ್ತು ಎಂದು ಬರೆಯಬಹುದು, ಓದುವವರಿಗೆ ಸ್ವಲ್ಪ ಸಮಾಧಾನವಾದೀತು. ಬಂದಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಆ ಮೂರು ವಾರ, ಆ ಬೋರ್ಡುಗಳು. ಹೇಳಿದರೆ ರೂಮು ಹೋಗುತ್ತದೆ, ರೂಮು ಹೋದರೆ ಸೀಟು ಹೋಗುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಊರಲ್ಲಿ ಯಾರಾದರೂ, ಅಂಥವರನ್ನು ಮನೆಯೊಳಗೆ ಸೇರಿಸಿಕೊಂಡರೆ ಹೀಗೇ ಆಗುವುದು ಎಂದು ಒಂದು ಮಾತು ಆಡಿಬಿಟ್ಟರೆ, ನನ್ನ ತಪ್ಪು ನಮ್ಮ ಜನರೆಲ್ಲರ ತಪ್ಪಾಗುತ್ತದೆ, ನನ್ನ ಹಿಂದೆ ಬರುವ ಹುಡುಗರಿಗೆ ಈ ಒಂದು ಬಾಗಿಲೂ ಮುಚ್ಚುತ್ತದೆ ಎಂದುಕೊಂಡೆ. ಈ ಭಯ ಸುಳ್ಳಲ್ಲ. ಆದರೆ ಅದರ ಹಿಂದೆ ನಾನು ಬಹಳ ಅನುಕೂಲವಾಗಿ ಬಚ್ಚಿಟ್ಟುಕೊಂಡೆ ಎನ್ನುವುದೂ ಸುಳ್ಳಲ್ಲ. ತಮ್ಮ ಹೋದರು. ನಾನು ಗುಡಿಸಿದೆ.

ಆ ವರ್ಷ ಗೌರಿ ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ಸೊಪ್ಪಿನ ಬದಲು ಮೊರದ ಬಾಗಿನ ಬಂತು. ತವರಿನಿಂದ ವರ್ಷವೂ ತಮ್ಮನೇ ತಂದುಕೊಡುತ್ತಿದ್ದದ್ದು, ಈ ಸಲ ಕಂಡಕ್ಟರ ಕೈಲಿ ಕಳಿಸಿದ್ದರು. ಒಂದರ ಮೇಲೊಂದು ಮುಚ್ಚಿ ಅರಿಶಿನದ ದಾರ ಕಟ್ಟಿದ ಜೋಡಿ ಮೊರ. ಅವರು ಬಾಗಿಲಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದರು, ಮುಟ್ಟಲಿಲ್ಲ. ವಾಪಸು ಹೋಗುವ ಬಸ್ಸಿಗೆ ಹಾಕಿ ಬಾರಪ್ಪ ಎಂದು ನನಗೆ ಹೇಳಿದರು. ನಾನೇ ಎರಡೂ ಕೈಯಲ್ಲಿ ಹೊತ್ತುಕೊಂಡು ಹೋಗಿ ಡ್ರೈವರ ಪಕ್ಕದಲ್ಲಿ ಇಟ್ಟು ಬಂದೆ. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅದೇ.

ಅಲ್ಲಿ ನಾನು ಮೂರು ವರ್ಷ ಇದ್ದೆ. ಅವರು ಬೇರೆ ಕಡೆಯ ಸೊಪ್ಪು ತರಿಸಿದರು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಕೆಂಚಾರ್ಲಹಳ್ಳಿ ಸೊಪ್ಪು" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸುವರು. ಏಳೂವರೆಯ ಬಸ್ಸು ಮನೆಮುಂದೆ ಹೋಗುವಾಗ ಅವರ ಕೈ ಎಲ್ಲಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಬಸ್ಸಿನ ಸದ್ದು ಅಡಗಿದ ಮೇಲೆ ಮತ್ತೆ ಆಡುತ್ತಿತ್ತು. ನಾನು ಅವರಿಗೆ ಬೇಕೆಂದೇ ಹೆಚ್ಚು ಕೆಲಸ ಮಾಡಿಕೊಟ್ಟೆ, ಹೇಳದೆಯೇ ನೀರು ಸೇದಿದೆ, ತಟ್ಟೆ ತೊಳೆದೆ. ಅವರು ಎಲ್ಲರೆದುರೂ ನನ್ನನ್ನು ಹೊಗಳಿದರು. ನನ್ನ ನಂತರ ತೊಂಡೇಬಾವಿ ಕಡೆಯ ಇನ್ನಿಬ್ಬರಿಗೆ, ನಮ್ಮವರಿಗೇ, ನನ್ನ ಮುಖ ನೋಡಿ ಆ ರೂಮು ಕೊಟ್ಟರು, ಮೂಸಿ ನೋಡಿದ ಮೇಲೆ. ನನಗೆ ಕೆಲಸ ಸಿಕ್ಕಿದಾಗ ಗೂಡುಗಳನ್ನು ಪೋಣಿಸಿ ಹಾರ ಮಾಡಿ ಹಾಕಿದರು. ಚಿಕ್ಕಬಳ್ಳಾಪುರದ ನನ್ನ ಮನೆಯಲ್ಲಿ ಅದನ್ನು ಬುದ್ಧನ ಫೋಟೋಗೆ ಹಾಕೋಣವೆಂದು ಹೆಂಡತಿ ಹೇಳಿದಳು. ನಾನು ಬೀರುವಿನಲ್ಲಿಟ್ಟೆ. ಯಾಕೆಂದು ಅವಳಿಗೆ ಗೊತ್ತಿಲ್ಲ.

ಅವರು ತೀರಿಕೊಂಡರೆಂದು ಯಜಮಾನರು ಫೋನ್ ಮಾಡಿದ ದಿನವೇ ಹೋದೆ. ಅಂಗಳದಲ್ಲಿ ಮಲಗಿಸಿದ್ದರು. ಬೆರಳ ತುದಿಯ ಸೊಪ್ಪಿನ ಕಲೆ ಹಾಗೇ ಇತ್ತು. ಹೂವು, ಗಂಧ, ಊದುಬತ್ತಿ ಎಲ್ಲ ಹತ್ತಿರವೇ ಇದ್ದವು, ಬೇಡವೆನ್ನುವವರು ಇರಲಿಲ್ಲ. ತಲೆ ಎತ್ತಿ ನೋಡಿದರೆ ರಸ್ತೆಯಾಚೆ ಲೈಟುಕಂಬದ ಪಕ್ಕ ಅವರ ತಮ್ಮ ನಿಂತಿದ್ದರು. ಯಾರೂ ಕರೆಯಲಿಲ್ಲ, ಅವರು ರಸ್ತೆ ದಾಟಲಿಲ್ಲ. ಹೆಣ ಎತ್ತಿದಾಗ ಕೈಮುಗಿದು ಅಲ್ಲಿಂದಲೇ ಹೊರಟುಹೋದರು.

ಮುಂದಿನ ಭಾನುವಾರ ಕೆಂಚಾರ್ಲಹಳ್ಳಿಗೆ ಹೋದೆ. ಜಗಲಿಯ ಮೇಲೆ ಅವರ ತಮ್ಮ ಕೂತಿದ್ದರು. ನಾನು ಯಾರೆಂದು ಹೇಳಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಚಾಕ್‌ಪೀಸು, ಕೈ, ಕಾಗದದಲ್ಲಿ ಸುತ್ತಿ ಎಸೆದ ಹುಳ, ಯಾವುದನ್ನೂ ಬಿಡಲಿಲ್ಲ. ಅವರು ಬೈಯಲಿ ಎಂದು ಕಾದೆ. ಅವರು ಕೇಳಿದ್ದು ಬೇರೆ.

"ಅವತ್ತು ಕಸಬರ್ಕೆ ಹಿಡ್ಕೊಂಡು ನಿಂತಿದ್ದೋನು ನೀನೇನಾ?"

ಹೌದು ಅಣ್ಣ ಎಂದೆ.

"ನಾನೇ ಸಾಯ್ಸಿದ್ದು ಅಂತ ನಂಬ್ಕೊಂಡಿದ್ದೆ ಕಣಪ್ಪ. ಔಷಧಿ ಹೊಡ್ದಿದ್ದಂತೂ ನಿಜ ಅಲ್ವಾ. ಹೋದ್ ತಿಂಗ್ಳು ಅಕ್ಕ ಆಸ್ಪತ್ರೇಲಿದ್ಲು. ಮೆಟ್ಲವರ್ಗೂ ಹೋದೆ. ವಿಷ ಹಾಕ್ದೋನು ಯಾವ್ ಮುಖ ಇಟ್ಕೊಂಡು ಹತ್ತೋದು ಅಂತ ವಾಪಸ್ ಬಂದ್ಬಿಟ್ಟೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ಎದ್ದು ಒಳಗೆ ಹೋದರು. ಅಟ್ಟದಿಂದ ಏನೋ ಇಳಿಸಿದ ಸದ್ದಾಯಿತು. ಧೂಳು ಹಿಡಿದ ಜೋಡಿ ಮೊರ ತಂದು ನನ್ನ ಕೈಯಲ್ಲಿಟ್ಟರು. ಒಳಗಿದ್ದ ಅಕ್ಕಿ ಬೇಳೆಯನ್ನು ಆಗಲೇ ತೆಗೆದಿದ್ದರೇನೋ, ಹಗುರವಾಗಿತ್ತು. ಅರಿಶಿನದ ದಾರ ಬಿಳಿಚಿಕೊಂಡಿತ್ತು.

"ವಾಪಸ್ ಹಾಕಿ ಕಳಿಸ್ದೋನೂ ನೀನೇ ಅಂತೆ, ಕಂಡಕ್ಟ್ರು ಹೇಳಿದ್ದ. ನೀನೇ ತಗೊಂಡೋಗು. ನಮ್ ಭಾವಂಗಾದ್ರೂ ಹೇಳು."

ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅವರ ಮನೆಮುಂದೆ ಇಳಿದೆ. ಕದ ತಟ್ಟಿದ್ದಕ್ಕೆ ಯಜಮಾನರು ಬಂದು, ಕೈಯಲ್ಲಿದ್ದದ್ದನ್ನು ನೋಡಿ, ಇದೇನು ಎಂದು ಕೇಳದೆ, ಒಳಗೆ ಬಾ ಎಂದರು. ಅವರ ಹಿಂದೆ ಹುಳುವಿನ ಮನೆಯ ಬಾಗಿಲು ತೆರೆದೇ ಇತ್ತು, ತಟ್ಟೆಗಳನ್ನು ಮಗುಚಿ ಗೋಡೆಗೆ ಒರಗಿಸಿದ್ದರು. ಮೊದಲು ಒಂದು ಮಾತು ಹೇಳುವುದಿದೆ, ಅದನ್ನು ಕೇಳಿದ ಮೇಲೂ ಬಾ ಎನ್ನುವುದಾದರೆ ಬರುತ್ತೇನೆ ಎಂದು ಹೇಳಿ, ಮೊದಲ ದಿನ ನಿಂತಿದ್ದ ಜಾಗದಲ್ಲೇ ಹೊಸಿಲಾಚೆ ನಿಂತುಕೊಂಡೆ.